ಅಡ್ಜಸ್ಟ್ ಆಗದವರ ಪರವಾಗಿ

ಇಬ್ಬರು ಕೂರುವ ಬಸ್ ಸೀಟಿಗೆ ಮೂರನೆಯವರು ಬಂದು ಹೇಳುವ ಮಾತು ನಮಗೆಲ್ಲ ಗೊತ್ತು: 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'. ಸೀಟಿನ ವಿಷಯವಾದರೆ ಪರವಾಗಿಲ್ಲ, ಸರಿದು ಕೂರುತ್ತೇವೆ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಮನೋವಿಜ್ಞಾನಿಗಳಿಗೂ ಈ ಪದ ಬಲು ಇಷ್ಟ. ಮನೆಗೆ, ಶಾಲೆಗೆ, ಕೆಲಸಕ್ಕೆ ಹೊಂದಿಕೊಂಡವರ ಮನಸ್ಸು ಸರಿಯಿದೆ ಎಂದು ಲೆಕ್ಕ. ಉಳಿದವರಿಗೆ 'ಮ್ಯಾಲ್‌ಅಡ್ಜಸ್ಟೆಡ್' ಎಂಬ ಹಣೆಪಟ್ಟಿ.

1967ರ ಸೆಪ್ಟೆಂಬರ್ 1ರಂದು ಮಾರ್ಟಿನ್ ಲೂಥರ್ ಕಿಂಗ್ ಈ ಪದವನ್ನೇ ಹಿಡಿದುಕೊಂಡರು. ವಾಷಿಂಗ್ಟನ್‌ನಲ್ಲಿ ಮನೋವಿಜ್ಞಾನಿಗಳ ಸಂಘವಾದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ವಾರ್ಷಿಕ ಸಮ್ಮೇಳನ ನಡೆದಿತ್ತು, ಅಲ್ಲಿ ಅವರ ಭಾಷಣವಿತ್ತು. ಡೆಟ್ರಾಯಿಟ್ ನಗರದ ಜನಾಂಗೀಯ ಗಲಭೆಯಲ್ಲಿ 43 ಜನ ಸತ್ತು ಐದೇ ವಾರವಾಗಿತ್ತು. ಕೆಲವು ಸಂಗತಿಗಳಿಗೆ ನಾವು ಯಾವತ್ತೂ ಹೊಂದಿಕೊಳ್ಳಬಾರದು ಎಂದರು ಕಿಂಗ್. ವರ್ಣಭೇದಕ್ಕೆ, ಧರ್ಮಾಂಧತೆಗೆ, ಕೆಲವರ ಸುಖಕ್ಕಾಗಿ ಬಹಳ ಜನರ ಅನ್ನ ಕಸಿಯುವ ವ್ಯವಸ್ಥೆಗೆ, ಯುದ್ಧದ ಹುಚ್ಚಿಗೆ. ಹೀಗೆ ಹೊಂದಿಕೊಳ್ಳದೆ ಇರುವವರಿಗಾಗಿಯೇ ಒಂದು ಅಂತರರಾಷ್ಟ್ರೀಯ ಸಂಘ ಬೇಕಾದೀತು ಎಂದೂ ಹೇಳಿದರು. ಸಂಘಗಳನ್ನು ಕಟ್ಟುವುದೇ ಹವ್ಯಾಸವಾದ ವಿದ್ವಾಂಸರ ಮುಂದೆ ಇದನ್ನು ಹೇಳಿದ್ದು ಮಜವಾಗಿದೆ, ಅಲ್ವಾ?

ಇದು ಸುಮ್ನೆ ಮಾತಿನ ಚಮತ್ಕಾರವಲ್ಲ. ಇದರ ಹಿಂದಿನ ವಿಜ್ಞಾನ ನೋಡಬೇಕೆಂದರೆ ನಾಲ್ಕು ಗೊಂಬೆಗಳ ಕತೆಗೆ ಹೋಗಬೇಕು.

ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಕಪ್ಪು ಜನಾಂಗದ ಮನೋವಿಜ್ಞಾನಿ ದಂಪತಿ. ಅವರ ಪರೀಕ್ಷೆ ತೀರಾ ಸರಳ. ಎರಡು ಕಂದು ಗೊಂಬೆ, ಎರಡು ಬಿಳಿ ಗೊಂಬೆ. ಬಣ್ಣ ಬಿಟ್ಟರೆ ಎಲ್ಲವೂ ಒಂದೇ ತರಹ. ಮೂರರಿಂದ ಏಳು ವರ್ಷದ 253 ಕಪ್ಪು ಮಕ್ಕಳ ಮುಂದೆ ಇಟ್ಟು ಕೇಳಿದರು: ಆಡೋಕೆ ಯಾವುದು ಬೇಕು? ಒಳ್ಳೆಯದು ಯಾವುದು? ಕೆಟ್ಟದಾಗಿ ಕಾಣೋದು ಯಾವುದು? ಕೊನೆಗೆ, ನಿನ್ನ ಹಾಗೆ ಇರೋದು ಯಾವುದು? ಶೇ 67ರಷ್ಟು ಮಕ್ಕಳು ಆಟಕ್ಕೆ ಬಿಳಿ ಗೊಂಬೆಯನ್ನೇ ಆರಿಸಿದರು. ಕೆಟ್ಟದ್ದು ಎಂದು ಶೇ 59ರಷ್ಟು ಮಕ್ಕಳು ತೋರಿಸಿದ್ದು ಕಂದು ಗೊಂಬೆಯನ್ನು.

ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡುವುದು ತಪ್ಪು ಎಂದು 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ತೀರ್ಪಿನ 11ನೇ ಅಡಿಟಿಪ್ಪಣಿಯಲ್ಲಿ ಕೆನೆತ್ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೆ ಮುಗಿಸುತ್ತಾರೆ. ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಅಂಕಿಗಳಲ್ಲಿರುವ ಒಂದು ತೊಡಕು. ಮಕ್ಕಳನ್ನು ಬೇರೆ ಮಾಡುತ್ತಿದ್ದ ದಕ್ಷಿಣದ ಶಾಲೆಗಳಲ್ಲಿ ಬಿಳಿ ಗೊಂಬೆ ಆರಿಸಿದವರು ಶೇ 62. ಎಲ್ಲರೂ ಒಟ್ಟಿಗೆ ಕಲಿಯುತ್ತಿದ್ದ ಉತ್ತರದ ಶಾಲೆಗಳಲ್ಲಿ ಶೇ 72! ಹಾಗಾದರೆ ಬೇರೆ ಶಾಲೆಯೇ ವಾಸಿಯೇ? ಕೋರ್ಟಿನಲ್ಲಿ ಬೇರೆ ಶಾಲೆಗಳ ಪರವಾಗಿ ವಾದಿಸುತ್ತಿದ್ದ ವಕೀಲರು ಇದನ್ನೇ ಎತ್ತಿ ಆಡಿದರು.

ಕೊನೆಯ ಪ್ರಶ್ನೆ ಬಂದಾಗ ಉತ್ತರದ ಇಬ್ಬರು ಮಕ್ಕಳು ಬಿಕ್ಕಿ ಬಿಕ್ಕಿ ಅಳುತ್ತಾ ಕೋಣೆಯಿಂದ ಓಡಿಹೋಗಿದ್ದರು. ದಕ್ಷಿಣದ ಮಕ್ಕಳು ಏನೂ ಆಗದವರಂತೆ ಕಂದು ಗೊಂಬೆಯತ್ತ ಬೆರಳು ತೋರಿದ್ದರು. ಆ ನೆಮ್ಮದಿಯೇ ಕ್ಲಾರ್ಕ್ ಅವರನ್ನು ಕಾಡಿತು. ತಾವು ಕೀಳು ಎಂಬುದಕ್ಕೆ ಆ ಮಕ್ಕಳು ಆಗಲೇ ಹೊಂದಿಕೊಂಡುಬಿಟ್ಟಿದ್ದಾರೆ, ಇದು ಆರೋಗ್ಯದ ಲಕ್ಷಣವಲ್ಲ ಎಂದು ಅವರು ವಾದಿಸಿದರು. ಈ ವಾದವನ್ನು ಒಪ್ಪದವರೂ ಇದ್ದಾರೆ. ಗಾಯ ಶಾಲೆಯಿಂದ ಆದದ್ದೋ, ಇಡೀ ಸಮಾಜದಿಂದಲೋ ಎಂದು ಗೊಂಬೆ ಪರೀಕ್ಷೆ ಬಿಡಿಸಿ ಹೇಳಲಾರದು ಎಂಬ ಟೀಕೆ ನ್ಯಾಯವಾದದ್ದೇ.

ಕಿಂಗ್ ಅಂದು ಕೇಳಿದ್ದು ಇಂಥ ಗಟ್ಟಿ ಕೆಲಸವನ್ನೇ. ಕಪ್ಪು ಜನರ ನಾಯಕತ್ವ, ಅವರ ರಾಜಕೀಯ ಹೋರಾಟದ ಫಲ, ಅವರ ಮನಸ್ಸಿನಲ್ಲಿ ಆಗುತ್ತಿರುವ ಬದಲಾವಣೆ, ಈ ಮೂರನ್ನು ಅಧ್ಯಯನ ಮಾಡಿ ಎಂದರು. ಅದಕ್ಕಿಂತ ಹೆಚ್ಚಾಗಿ, ಬಿಳಿಯರ ಸಮಾಜದೊಳಗಿನ ಜನಾಂಗದ್ವೇಷದ ವಿಷವನ್ನು ಸಾಕ್ಷಿ ಸಮೇತ ದಾಖಲಿಸಿ, ಆಗ ತಳ್ಳಿಹಾಕುವುದು ಕಷ್ಟವಾಗುತ್ತದೆ ಎಂದರು.

ಏಳು ತಿಂಗಳ ನಂತರ ಅವರ ಕೊಲೆಯಾಯಿತು. 1968ರಲ್ಲೇ ಕಪ್ಪು ಮನೋವಿಜ್ಞಾನಿಗಳು ತಮ್ಮದೇ ಸಂಘ ಕಟ್ಟಿಕೊಂಡರು. ಮುಂದೆ, ಕಿಂಗ್ ಮಾತಾಡಿದ್ದ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿಗೆ ಕೆನೆತ್ ಕ್ಲಾರ್ಕ್ ಮೊದಲ ಕಪ್ಪು ಅಧ್ಯಕ್ಷರಾದರು. ಜನಾಂಗದ್ವೇಷ ಬೆಳೆಯಲು ತನ್ನ ಪಾಲೂ ಇತ್ತು ಎಂದು ಒಪ್ಪಿ ಆ ಸಂಸ್ಥೆ ಕ್ಷಮೆ ಕೇಳಿದ್ದು 2021ರ ಅಕ್ಟೋಬರಿನಲ್ಲಿ.