ಮುಳ್ಳು ಚುಚ್ಚಿದ್ದು ಅಂಗಾಲಿಗೆ, ಗಂಟು ಎದ್ದದ್ದು ತೊಡೆಸಂದಿಯಲ್ಲಿ: ಏಕೆ?

ಪ್ರಶ್ನೆ: ಶೇಂಗಾ ಹೊಲದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಅಂಗಾಲಿಗೆ ಹೊಕ್ಕಿತು. ಕಿತ್ತು ತೆಗೆದರೂ ಪಾದ ಕೆಂಪಾಗಿ ಊದಿತು, ತೊಡೆಸಂದಿಯಲ್ಲಿ ಗಂಟು ಎದ್ದಿತು, ಮೈ ಬಿಸಿಯಾಯಿತು. ನಂಜು ಮೈಗೆಲ್ಲ ಏರಿತೇ?
– ಓದುಗರು, ಚಳ್ಳಕೆರೆ

ಉತ್ತರ: ಚಳ್ಳಕೆರೆ, ಹಿರಿಯೂರಿನ ಕಡೆ ಈ ಮುಳ್ಳು ತುಳಿಯದವರು ವಿರಳ. ಊತ ಕಂಡೊಡನೆ ‘ನಂಜಾಯಿತು’ ಎನ್ನುವುದೂ ವಾಡಿಕೆ. ಆದರೆ ನೀವು ಹೇಳಿದ ಲಕ್ಷಣಗಳಲ್ಲಿ ಬಹುಪಾಲು ರೋಗಾಣುವಿನ ಕೈವಾಡವಲ್ಲ, ನಿಮ್ಮ ದೇಹವೇ ಮಾಡಿದ್ದು.

ಮುಳ್ಳಿನೊಂದಿಗೆ ಒಳಹೊಕ್ಕ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸುವುದು ಚರ್ಮದಡಿಯಲ್ಲೇ ನೆಲೆಸಿರುವ ಮ್ಯಾಕ್ರೋಫೇಜ್ ಕೋಶಗಳು. ಅವು ಸೈಟೊಕೈನ್ ಎಂಬ ಸಂಕೇತದ ಪ್ರೋಟೀನುಗಳನ್ನು ಸುರಿಸುತ್ತವೆ. ನೆರೆಯ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ರಕ್ತನಾಳ ಹಿಗ್ಗುತ್ತದೆ, ಹಾಗಾಗಿ ಕೆಂಪು ಮತ್ತು ಬಿಸಿ. ಅದರ ಗೋಡೆ ಸಡಿಲಗೊಂಡು ದ್ರವ ಜಿನುಗುತ್ತದೆ, ಹಾಗಾಗಿ ಊತ. ಆ ಸಡಿಲಾದ ಗೋಡೆಯಲ್ಲೇ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಸುಳಿ ಬಂದು ರೋಗಾಣುಗಳನ್ನು ನುಂಗುತ್ತವೆ, ನುಂಗಿ ತಾವೂ ಸಾಯುತ್ತವೆ. ಕೀವಿನಲ್ಲಿ ಹೆಚ್ಚಾಗಿ ಇರುವುದು ಅವುಗಳ ಹೆಣಗಳೇ.

ರಕ್ಷಣೆಯ ಕೋಶಗಳ ಈ ಮುತ್ತಿಗೆ ಮೊದಲು ಕಣ್ಣಿಗೆ ಬಿದ್ದದ್ದೂ ಮುಳ್ಳಿನಿಂದಲೇ! 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿದ್ದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿದ್ದವು. ದೇಹದ ಈ ರಕ್ಷಣೆಯ ಅಧ್ಯಯನಕ್ಕಾಗಿ 1908ರ ನೊಬೆಲ್ ಅವರಿಗೂ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಚ್ ಅವರಿಗೂ ಸಂದಿತು.

ಇನ್ನು ಆ ಗಂಟು. ಗಾಯದಲ್ಲಿದ್ದ ಡೆಂಡ್ರಿಟಿಕ್ ಎಂಬ ಕಾವಲು ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು, ಅಂಗಾಂಶದ ದ್ರವ ಹರಿಯುವ ದುಗ್ಧನಾಳದ ಮೂಲಕ ತೊಡೆಸಂದಿಯ ದುಗ್ಧಗ್ರಂಥಿಗೆ ಬರುತ್ತವೆ. ಆ ತುಣುಕಿಗೆ ಹೊಂದುವ ಟಿ ಮತ್ತು ಬಿ ಎಂಬ ಬಿಳಿ ರಕ್ತಕಣಗಳು ಅಲ್ಲಿ ಒಂದಕ್ಕೆ ಹತ್ತಾಗಿ, ನೂರಾಗಿ ಬೆಳೆಯುವುದರಿಂದ ಗ್ರಂಥಿ ಉಬ್ಬುತ್ತದೆ. ಅದನ್ನು ತಿಕ್ಕಬೇಡಿ, ಬರೆ ಎಳೆಸಲೂ ಬೇಡಿ.

ಜ್ವರವೂ ಸಂಕೇತದ ಫಲವೇ. ಇಂಟರ್‌ಲ್ಯೂಕಿನ್-1, ಇಂಟರ್‌ಲ್ಯೂಕಿನ್-6 ಎಂಬ ಸೈಟೊಕೈನ್‌ಗಳು ರಕ್ತದಲ್ಲಿ ಹರಿದು ಮೆದುಳಿನ ಹೈಪೊಥಲಾಮಸ್‌ನ ತಾಪಮಾನದ ಗುರಿಯನ್ನು ಏರಿಸುತ್ತವೆ. ಇಂಟರ್‌ಲ್ಯೂಕಿನ್-6 ಯಕೃತ್ತಿಗೂ ಸುದ್ದಿ ಮುಟ್ಟಿಸುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಸಿ.ಆರ್.ಪಿ. (ಸಿ-ರಿಯಾಕ್ಟಿವ್ ಪ್ರೋಟೀನ್) ಆ ಸುದ್ದಿ ಮುಟ್ಟಿದಾಗ ಅಲ್ಲಿ ತಯಾರಾಗುವ ಪ್ರೋಟೀನು.

ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಊತ ಒಂದೇ ದಿನದಲ್ಲಿ ಇಳಿಯಲೆಂದು ಕೇಳಿ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವ ಚಪಲ ಮಾತ್ರ ನನಗೆ ಸಿಟ್ಟು ತರಿಸುತ್ತದೆ: ಅದು ಸೈಟೊಕೈನ್‌ಗಳ ಬಾಯನ್ನೇ ಕಟ್ಟುತ್ತದೆ, ಪಾದ ಇಳಿದರೂ ಒಳಗಿನ ಸೋಂಕು ಬೆಳೆಯಬಹುದು.

ಹಾಗೆಂದು ನಿಮ್ಮ ಭಯ ಪೂರ್ತಿ ಸುಳ್ಳಲ್ಲ. ಸಂಕೇತಗಳು ಹದ ಮೀರಿ ಮೈಯೆಲ್ಲ ಹರಡಿದರೆ ರಕ್ತದೊತ್ತಡ ಕುಸಿದು ಅಂಗಾಂಗಗಳು ಸೋಲುತ್ತವೆ, ಅದೇ ಸೆಪ್ಸಿಸ್. ಪಾದದಿಂದ ಮೇಲಕ್ಕೆ ಕೆಂಪು ಗೆರೆ ಏರುತ್ತಿದ್ದರೆ, ಚಳಿ ನಡುಕ, ಏದುಸಿರು ಅಥವಾ ಮಂಕು ಕವಿದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಇವಕ್ಕೂ ಕಾಯಬೇಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತೆಂದು ವೈದ್ಯರಿಗೆ ತಿಳಿಸಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದೆಯೇ ಎಂದೂ ನೋಡಿಸಿಕೊಳ್ಳಿ.