ನೀಲಿ ಕಾಗದ ಅಂಟಿಸುವ ಮುನ್ನ

ಇಂಗ್ಲೆಂಡಿನಲ್ಲಿ ಹೋಟೆಲ್ ಇಡಲು ಹೊರಟವರು ಬಾರ್ ಲೈಸೆನ್ಸಿನ ಅರ್ಜಿಗೆಂದು ನನ್ನ ಹತ್ತಿರ ಬರುವಷ್ಟರಲ್ಲಿ ಜಾಗದ ಲೀಸ್‌ಗೆ ಸಹಿ ಬಿದ್ದಿರುತ್ತದೆ. ಹಾಸನದ ಕಡೆಯ ಒಬ್ಬರು ಲಂಡನ್ನಿನ ಹೊರವಲಯದಲ್ಲಿ ಜಾಗ ಹಿಡಿದು, ಬಾರ್ ಕೌಂಟರಿಗೆ ಗ್ರಾನೈಟ್ ಕೂಡ ಆರಿಸಿಕೊಂಡ ಮೇಲೆ ಫೋನ್ ಮಾಡಿದರು. "ಸಾರ್, ರಾತ್ರಿ ಒಂದು ಗಂಟೆವರೆಗೆ ಲೈಸೆನ್ಸ್ ಬೇಕು. ಯಾರನ್ನ ನೋಡಬೇಕು ಹೇಳಿ, ನೋಡ್ತೀನಿ."

ಅದು ಊರಿನ ಲೆಕ್ಕ. ಕರ್ನಾಟಕದಲ್ಲಿ ಬಾರ್ ಎಂದರೆ ಅಬಕಾರಿ ಇಲಾಖೆ, ಸಿಎಲ್-9 ಎಂಬ ಬಾರ್ ಸನ್ನದು. ಸನ್ನದು ಸಿಗುವುದು ರಾಜ್ಯ ಸರ್ಕಾರದಿಂದ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದು ಸ್ಥಳೀಯ ಕೌನ್ಸಿಲ್ಲಿನ, ಅಂದರೆ ನಮ್ಮ ನಗರಸಭೆಯಂಥದ್ದರ, ಕೆಲಸ. ಮೊದಲು ಮ್ಯಾಜಿಸ್ಟ್ರೇಟರು ಕೊಡುತ್ತಿದ್ದರು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂದಾಗ ಅಧಿಕಾರ ಕೌನ್ಸಿಲರುಗಳ ಕೈಗೆ ಹೋಯಿತು. ಮದ್ಯ, ಮನರಂಜನೆ, ರಾತ್ರಿ 11ರಿಂದ ಬೆಳಗಿನ 5ರ ತನಕ ಮಾರುವ ಬಿಸಿ ಊಟ, ಎಲ್ಲಕ್ಕೂ ಇದೊಂದೇ ಕಾಯ್ದೆ. ಹೌದು, ಹನ್ನೊಂದರ ಮೇಲೆ ಬಿಸಿ ದೋಸೆ ಮಾರಲೂ ಲೈಸೆನ್ಸ್ ಬೇಕು. ಇದನ್ನು ಕೇಳಿ ನಗದ ಕನ್ನಡಿಗರನ್ನು ನಾನು ಕಂಡಿಲ್ಲ.

ಪ್ರತಿ ಕೌನ್ಸಿಲ್ಲೂ ಐದು ವರ್ಷಕ್ಕೊಮ್ಮೆ ತನ್ನ ಲೈಸೆನ್ಸಿಂಗ್ ಪಾಲಿಸಿಯನ್ನು ಬರೆದು ಪ್ರಕಟಿಸಬೇಕು. ಅದು ನಾಲ್ಕು ಉದ್ದೇಶಗಳ ಸುತ್ತಲೇ ಇರಬೇಕು: ಅಪರಾಧ ಮತ್ತು ಗಲಾಟೆ ತಡೆ, ಜನರ ಸುರಕ್ಷತೆ, ಸಾರ್ವಜನಿಕರಿಗೆ ಆಗುವ ಕಿರಿಕಿರಿಯ ತಡೆ, ಮಕ್ಕಳ ರಕ್ಷಣೆ. ಸ್ಕಾಟ್ಲೆಂಡಿನ ಕಾಯ್ದೆಯಲ್ಲಿ ಸಾರ್ವಜನಿಕ ಆರೋಗ್ಯ ಐದನೆಯದಾಗಿದೆ, ಇಲ್ಲಿ ಇಲ್ಲ. ಇಲ್ಲೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ, ನನ್ನ ಕಕ್ಷಿದಾರರಿಗೆ ಅದು ಹಿಡಿಸುವುದಿಲ್ಲ.

ಹೆಚ್ಚಿನವರಿಗೆ ಗೊತ್ತಿಲ್ಲದ ಗುಟ್ಟೊಂದಿದೆ. ಅರ್ಜಿಗೆ ಯಾರಿಂದಲೂ ತಕರಾರು ಬಾರದಿದ್ದರೆ ಕೌನ್ಸಿಲ್ ಲೈಸೆನ್ಸ್ ಕೊಡಲೇಬೇಕು. ಪಾಲಿಸಿಯಲ್ಲಿ ಏನೇ ಬರೆದಿರಲಿ, ಅದು ಆಗ ಕಪಾಟಿನಲ್ಲೇ ಇರುತ್ತದೆ. ಪೊಲೀಸರೋ, ಪರಿಸರ ಆರೋಗ್ಯ ವಿಭಾಗದವರೋ, ಮೇಲಿನ ಮನೆಯವರೋ ಒಂದು ಕಾಗದ ಬರೆದು ಹಾಕಿದ ಕ್ಷಣ ಅದು ಎದ್ದು ಕೂರುತ್ತದೆ. ಹಾಗಾಗಿ, ಹೀಗೊಂದು ಅರ್ಜಿ ಬಂದಿದೆ, ತಕರಾರಿದ್ದರೆ ಹೇಳಿ ಎಂದು ಅಂಗಡಿಯ ಮುಂದೆ 28 ದಿನ ತೂಗಬೇಕಾದ ತಿಳಿನೀಲಿ ಕಾಗದ ಬರೀ ಔಪಚಾರಿಕತೆಯಲ್ಲ. ಎ4 ಅಳತೆ, 16ಕ್ಕೆ ಕಡಿಮೆಯಿಲ್ಲದ ಫಾಂಟ್ ಗಾತ್ರದ ಅಕ್ಷರ, ರಸ್ತೆಯಲ್ಲಿ ನಿಂತು ಓದುವಂತಿರಬೇಕು. ಒಬ್ಬರು ಅದರ ಮೇಲೆ "ಶೀಘ್ರದಲ್ಲೇ ಆರಂಭ" ಪೋಸ್ಟರ್ ಹಚ್ಚಿ, 28 ದಿನವನ್ನು ಮೊದಲಿಂದ ಎಣಿಸಬೇಕಾಯಿತು.

ಕೆಲವು ಬೀದಿಗಳಲ್ಲಿ ಪಾಲಿಸಿ ಇನ್ನೂ ಬಿಗಿ. ಒಂದೊಂದು ಬಾರೂ ಅಚ್ಚುಕಟ್ಟಾಗಿಯೇ ನಡೆಯುತ್ತಿರಬಹುದು. ಆದರೆ ಎಲ್ಲದರ ಗಿರಾಕಿಗಳೂ ಒಂದೇ ಹೊತ್ತಿಗೆ ಹೊರಬಿದ್ದು ಟ್ಯಾಕ್ಸಿ ಹುಡುಕುತ್ತಾ ನಿಂತರೆ ಬೀದಿ ಜಾತ್ರೆಯಾಗುತ್ತದೆ. ಇದನ್ನು ಪುರಾವೆ ಸಮೇತ ತೋರಿಸಿ ಕೌನ್ಸಿಲ್ ಅಂಥ ಪ್ರದೇಶವನ್ನು ಗುರುತು ಹಾಕಬಹುದು. 2018ರ ಏಪ್ರಿಲ್‌ನಿಂದ ಇದಕ್ಕೆ ಕಾಯ್ದೆಯಲ್ಲೇ ಜಾಗ ಸಿಕ್ಕಿದೆ. ಲಂಡನ್ನಿನ ವೆಸ್ಟ್ ಎಂಡ್, ಶೋರ್‌ಡಿಚ್ ಇದಕ್ಕೆ ಹೆಸರಾದವು. ಅಲ್ಲಿ ತಕರಾರು ಬಂತೆಂದರೆ, ನನ್ನ ಹೋಟೆಲಿನಿಂದ ತೊಂದರೆ ಹೆಚ್ಚುವುದಿಲ್ಲ ಎಂದು ತೋರಿಸುವ ಹೊರೆ ಅರ್ಜಿದಾರರ ಹೆಗಲಿಗೆ. 2018ರಲ್ಲಿ ಶೋರ್‌ಡಿಚ್ ಇರುವ ಹ್ಯಾಕ್ನಿಯ ಕೌನ್ಸಿಲ್ ಹೊಸ ಜಾಗಗಳಿಗೆ ಮುಚ್ಚುವ ಹೊತ್ತು ವಾರದ ದಿನ ರಾತ್ರಿ 11, ವಾರಾಂತ್ಯ 12 ಎಂದು ಪಾಲಿಸಿಯಲ್ಲಿ ಬರೆದಾಗ, ಲಂಡನ್ನಿನ ರಾತ್ರಿಯನ್ನೇ ಕೊಂದರು ಎಂದು ಗುಲ್ಲೆದ್ದಿತ್ತು. ಅಷ್ಟು ಗಾಬರಿ ಬೇಕಿರಲಿಲ್ಲ. ಪಾಲಿಸಿ ಕಾನೂನಲ್ಲ, ಸರಿಯಾದ ಕಾರಣವಿದ್ದರೆ ಕೌನ್ಸಿಲ್ ತಾನೇ ಅದನ್ನು ಬದಿಗಿಡಬಹುದು. ಬರೀ ಊಹೆಯ ಮೇಲೆ ಸಮಯ ಕತ್ತರಿಸಲೂ ಬರುವುದಿಲ್ಲ. ವಿರಾಲ್‌ನ ಹೋಟೆಲೊಂದರ ಪ್ರಕರಣದಲ್ಲಿ 2008ರಲ್ಲಿ ಹೈಕೋರ್ಟ್ ಹೇಳಿದ್ದು ಅದನ್ನೇ: ಗಲಾಟೆ ಆದೀತು ಎಂಬ ಭಯ ಸಾಲದು, ಪುರಾವೆ ಬೇಕು.

ನಮ್ಮ ಹಾಸನದವರ ಜಾಗ ಅಂಥ ಪ್ರದೇಶದಲ್ಲಿರಲಿಲ್ಲ. ಆದರೂ ಹಿಂದಿನ ಬೀದಿಯ ಅಜ್ಜಿಯೊಬ್ಬರಿಂದ ತಕರಾರು ಬಂತು. ಹಾಗಾಗಿ ವಿಚಾರಣೆ ನಡೆಯಿತು. ಟೌನ್ ಹಾಲಿನ ಉದ್ದ ಮೇಜು, ಒಂದು ಕಡೆ ಮೂವರು ಕೌನ್ಸಿಲರುಗಳು, ಎದುರಿಗೆ ನಾವು, ಪಕ್ಕದಲ್ಲಿ ಅಜ್ಜಿ. ಅವರ ಕೈಯಲ್ಲಿ ಶಾಲಾ ಮಕ್ಕಳ ನೋಟ್‌ಬುಕ್ಕು. ಅದೇ ಜಾಗದಲ್ಲಿದ್ದ ಹಳೆಯ ಪಬ್ಬಿನ ಕಾಲದ್ದು: 11.40, ಕಾರಿನ ಬಾಗಿಲು. 12.15, ಜಗಳ. 12.50, ಬಾಟಲಿ. ಬಾಟಲಿ ಎಂಬ ಮಾತು ಪುಟಪುಟಕ್ಕೂ ಇತ್ತು. ಮುಚ್ಚುವ ಹೊತ್ತಿಗೆ ಖಾಲಿ ಬಾಟಲಿಗಳನ್ನು ಹಿತ್ತಲಿನ ಡಬ್ಬಿಗೆ ಸುರಿಯುತ್ತಾರಲ್ಲ, ಆ ಸದ್ದು.

ನನ್ನ ಕಕ್ಷಿದಾರರು ಮೆಲ್ಲಗೆ, "ಸಾರ್, ಅಜ್ಜಿಗೆ ಬಾರ್ ಬೇಡ ಅಂತಲ್ಲ, ಬಾಟಲಿ ಸದ್ದು ಬೇಡ ಅಂತ" ಅಂದರು. ಇಷ್ಟು ವರ್ಷದ ಅನುಭವದ ನನಗೆ ಅದು ಹೊಳೆದಿರಲಿಲ್ಲ. ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಬಾಟಲಿ ಸುರಿಯುವಂತಿಲ್ಲ, 9ರ ಮೇಲೆ ಹಿಂಬಾಗಿಲು ತೆರೆಯುವಂತಿಲ್ಲ ಎಂಬ ಎರಡು ಷರತ್ತನ್ನು ನಾವಾಗಿಯೇ ಮುಂದಿಟ್ಟೆವು. ಕೇಳಿದ್ದ ರಾತ್ರಿ ಒಂದು ಗಂಟೆಯ ಸಮಯ ಸಿಗಲಿಲ್ಲ. ಶುಕ್ರವಾರ, ಶನಿವಾರ 12, ಉಳಿದ ದಿನ 11. 21 ದಿನದೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅಪೀಲು ಹೋಗಬಹುದಿತ್ತು, ಬೇಡ ಎಂದೆ. ಅದೇ ಎರಡು ಷರತ್ತನ್ನು ಮೊದಲ ದಿನವೇ ಅರ್ಜಿಯಲ್ಲಿ ಬರೆದು, ಅಜ್ಜಿಯ ಮನೆಗೊಮ್ಮೆ ಹೋಗಿ ಬಂದಿದ್ದರೆ ವಿಚಾರಣೆಯೇ ಬೇಕಾಗುತ್ತಿರಲಿಲ್ಲವೇನೋ.

ಕನ್ನಡ ಸಂಘದವರಿಗೂ ಒಂದು ಮಾತು. ಶಾಲೆಯ ಹಾಲ್ ಬಾಡಿಗೆಗೆ ಹಿಡಿದು ಒಂದು ಸಂಜೆ ಬಾರ್ ಇಡುವುದಾದರೆ ಪೂರ್ತಿ ಲೈಸೆನ್ಸ್ ಬೇಡ, ತಾತ್ಕಾಲಿಕ ಕಾರ್ಯಕ್ರಮದ ನೋಟಿಸ್ ಸಾಕು. ಶುಲ್ಕ 21 ಪೌಂಡ್. ಒಂದು ಹೊತ್ತಿಗೆ 499 ಜನ ಮೀರಬಾರದು. ಆ ಲೆಕ್ಕದಲ್ಲಿ ಬಡಿಸುವವರೂ, ಡೊಳ್ಳು ಬಾರಿಸುವವರೂ ಸೇರುತ್ತಾರೆ. "ನಾವು ಮಾರ್ತಿಲ್ಲ, ಟಿಕೆಟ್ ಜೊತೆ ಒಂದು ಗ್ಲಾಸ್ ವೈನ್ ಫ್ರೀ" ಎನ್ನುವ ಜಾಣತನ ನಡೆಯುವುದಿಲ್ಲ, ಅದೂ ಮಾರಾಟವೇ. ನೋಟಿಸ್ ಕೊಡಬೇಕಾದ್ದು ಕಾರ್ಯಕ್ರಮಕ್ಕೆ ಹತ್ತು ಕೆಲಸದ ದಿನ ಮುಂಚೆ. ತಡವಾದರೆ ಐದು ದಿನದ ಇನ್ನೊಂದು ದಾರಿ ಇದೆ, ಆದರೆ ಪೊಲೀಸರು ಬೇಡ ಎಂದರೆ ವಿಚಾರಣೆಯಿಲ್ಲದೆ ಅಲ್ಲಿಗೇ ಮುಗಿಯಿತು.

ಒಂದು ವರ್ಷ ಶನಿವಾರದ ರಾಜ್ಯೋತ್ಸವಕ್ಕೆ ಕಾರ್ಯದರ್ಶಿ ನನಗೆ ಫೋನ್ ಮಾಡಿದ್ದು ಬುಧವಾರ ಸಂಜೆ. ಆ ಸಲ ಎಲ್ಲರೂ ಮಜ್ಜಿಗೆ ಕುಡಿದೆವು.