ಮುರಿದ ಕಿವಿಗೆ ಅದರದೇ ಪ್ಲಾಸ್ಟಿಕ್ಕಿನ ಅಂಟು

ಅಪ್ಪನ 1987ರ ಮಾರುತಿ 800ಕ್ಕೆ ಮೀಟರ್ ಬಲ್ಬ್ ಬದಲಿಸಲು ಕೂತಿದ್ದೆ. ಮೀಟರ್ ಸುತ್ತ ಇರುವ ಪ್ಲಾಸ್ಟಿಕ್ ಫ್ರೇಮ್ ಬಿಚ್ಚುವಾಗ ಕೈ ಸ್ವಲ್ಪ ಜೋರಾಯಿತು. ಟಕ್ ಅಂತ ಸಣ್ಣ ಸದ್ದು. ಸ್ಕ್ರೂ ಕೂರುವ ಕಿವಿ ಮುರಿದು ಅಂಗೈಗೆ ಬಂತು. ಅದರ ಬುಡದಿಂದ ಎರಡು ಇಂಚು ಬಿರುಕು ಬೇರೆ. ಕರುಳು ಚುರುಕ್ ಅಂದಿತು.

ಶಿವಾಜಿನಗರದ ಗುಜರಿಯಲ್ಲಿ ಅರ್ಧ ದಿನ ಹುಡುಕಿದ ಮೇಲೆ ಅದೇ ಮಾದರಿಯ ಒಂದು ಫ್ರೇಮ್ ಸಿಕ್ಕಿತು. ಅದಕ್ಕೆ ಒಂದು ಪಕ್ಕವೇ ಇರಲಿಲ್ಲ. ಆದರೂ ತಂದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಇಷ್ಟು ಹಳೆಯ ಪ್ಲಾಸ್ಟಿಕ್ ಸುಲಭವಾಗಿ ಮುರಿಯುವುದಕ್ಕೆ ದೊಡ್ಡ ಕಾರಣ ಬಿಸಿಲು. ಕಾರಿನೊಳಗಿನ ಎಷ್ಟೋ ಗಟ್ಟಿ ಭಾಗಗಳನ್ನು ಎಬಿಎಸ್ ಎಂಬ ಪ್ಲಾಸ್ಟಿಕ್‌ನಿಂದ ಮಾಡುತ್ತಾರೆ. ಮಕ್ಕಳ ಲೆಗೊ ಇಟ್ಟಿಗೆಗಳೂ ಇದರವೇ. ಎಬಿಎಸ್‌ನ ಮುಖ್ಯ ಭಾಗ ಗಟ್ಟಿ, ಆದರೆ ಪೆಡಸು. ಅದರೊಳಗೆ ಬ್ಯುಟಾಡೈಯೀನ್ ರಬ್ಬರಿನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುದುಗಿರುತ್ತವೆ. ಮಣ್ಣಿನ ಗೋಡೆ ಬಿರಿಯದಿರಲಿ ಅಂತ ಹುಲ್ಲು ಸೇರಿಸಿ ತುಳಿಯುತ್ತಿದ್ದರಲ್ವಾ, ಹಾಗೆ. ಬಿರುಕು ಹುಟ್ಟಿದರೂ ಮುಂದೆ ಓಡದಂತೆ ಈ ರಬ್ಬರ್ ತಡೆಯುತ್ತದೆ.

ನೇರಳಾತೀತ ಕಿರಣ ಮತ್ತು ಆಮ್ಲಜನಕ ಸೇರಿ ಮೊದಲು ಕೆಡಿಸುವುದು ಈ ರಬ್ಬರನ್ನೇ. ಅದರ ಅಣುಗಳಲ್ಲಿರುವ ಇಂಗಾಲದ ಜೋಡಿ ಬಂಧಗಳು ಬೇಗ ಬಲಿಯಾಗುತ್ತವೆ. ವರ್ಷಗಳು ಕಳೆದಂತೆ ಮೇಲ್ಮೈ ಹಳದಿಗಟ್ಟುತ್ತದೆ, ತೆಳ್ಳಗೆ ಒಂದು ಪೆಡಸು ಪದರ ಏಳುತ್ತದೆ. ಆ ಪದರದಲ್ಲಿ ಶುರುವಾದ ಬಿರುಕು ಒಳಗಿನ ಒಳ್ಳೆಯ ಪ್ಲಾಸ್ಟಿಕ್ಕಿಗೂ ನುಗ್ಗುತ್ತದೆ.

ಅಂಟಿಗೆ ಕೈಹಾಕುವ ಮುಂಚೆ ಇದು ಯಾವ ಪ್ಲಾಸ್ಟಿಕ್ ಅಂತ ತಿಳಿಯಲೇಬೇಕು. ಭಾಗದ ಹಿಂದುಗಡೆ ಎಬಿಎಸ್ ಅಥವಾ ಪಿಪಿ ಅಂತ ಅಚ್ಚು ಇದ್ದರೆ ಅದೃಷ್ಟ. ಇಲ್ಲದಿದ್ದರೆ ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿ. ಪಿಪಿ, ಅಂದರೆ ಪಾಲಿಪ್ರೊಪಿಲೀನ್, ನೀರಿಗಿಂತ ಹಗುರ. ನೀರಿನ ಸಾಂದ್ರತೆ 1 ಆದರೆ ಇದರದು ಸುಮಾರು 0.9. ತೇಲುತ್ತದೆ. ಎಬಿಎಸ್‌ದು ಸುಮಾರು 1.05. ಮುಳುಗುತ್ತದೆ. ಟಾಲ್ಕ್ ಪುಡಿ ಬೆರೆಸಿದ ಪಿಪಿಯೂ ಮುಳುಗಬಹುದು, ಅದಕ್ಕೇ ಇನ್ನೊಂದು ಪರೀಕ್ಷೆ. ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್ ದ್ರವದಲ್ಲಿ ಹತ್ತಿ ಅದ್ದಿ ಕಾಣದ ಜಾಗದಲ್ಲಿ ಒತ್ತಿ. ಎಬಿಎಸ್ ಆದರೆ ಜಿಗುಟಾಗುತ್ತದೆ. ಪಿಪಿಗೆ ಏನೂ ಆಗುವುದಿಲ್ಲ. ಕೆಸುವಿನ ಎಲೆ ಮೇಲೆ ನೀರು ನಿಲ್ಲದ ಹಾಗೆ ಪಿಪಿ ಮೇಲೆ ಹೆಚ್ಚಿನ ಅಂಟುಗಳು ಕೂರುವುದೇ ಇಲ್ಲ. ಅದನ್ನು ಸಾಮಾನ್ಯವಾಗಿ ಬಿಸಿಯಿಂದ ಕರಗಿಸಿ ಬೆಸೆಯುತ್ತಾರೆ.

ನನ್ನ ಫ್ರೇಮ್ ಮುಳುಗಿತು, ಜಿಗುಟೂ ಆಯಿತು. ಗುಜರಿಯ ಫ್ರೇಮೂ ಹಾಗೇ. ಅದನ್ನು ತಂದಿದ್ದೇ ಇದಕ್ಕೆ. ಕಟಿಂಗ್ ಪ್ಲೇಯರಿನಿಂದ ಅದನ್ನು ಚೂರು ಮಾಡಿ, ಗಾಜಿನ ಜಾಮ್ ಬಾಟಲಿಗೆ ಹಾಕಿ, ಮುಳುಗುವಷ್ಟು ಅಸಿಟೋನ್ ಸುರಿದೆ. ಬೆಳಿಗ್ಗೆ ಹೊತ್ತಿಗೆ ಚೂರುಗಳೆಲ್ಲ ಉಬ್ಬಿ ಕರಗಿ ದೋಸೆ ಹಿಟ್ಟಿನ ಹದಕ್ಕೆ ಬಂದಿದ್ದವು. ಬಣ್ಣವೂ ನನ್ನ ಫ್ರೇಮಿನದೇ!

ಪ್ಲಾಸ್ಟಿಕ್ಕಿನ ಅಣುಗಳು ಉದ್ದುದ್ದ ಎಳೆಗಳು, ಶಾವಿಗೆ ಥರ. ಅಸಿಟೋನ್ ನುಗ್ಗಿದಾಗ ಮುರಿದ ಎರಡೂ ಅಂಚಿನ ಎಳೆಗಳು ಸಡಿಲವಾಗಿ ಒಂದರೊಳಗೊಂದು ಹೊಕ್ಕು ಸಿಕ್ಕಿಕೊಳ್ಳುತ್ತವೆ. ಅಸಿಟೋನ್ ಆರಿಹೋದ ಮೇಲೆ ಅಲ್ಲಿ ಉಳಿಯುವುದು ಬರೀ ಎಬಿಎಸ್. ಅಂಗಡಿಯಲ್ಲಿ ಸಿಗುವ ಇನ್‌ಸ್ಟಂಟ್ ಗ್ಲೂ ಸೈನೊಅಕ್ರಿಲೇಟ್. ಬೇಗ ಹಿಡಿಯುತ್ತದೆ, ಆದರೆ ಪೆಡಸು. ಕಾರಿನ ಅದುರುವಿಕೆಗೆ ಅದು ಹೆಚ್ಚು ದಿನ ಬಾಳುವುದು ಕಷ್ಟ.

ಬಿರುಕಿನ ತುದಿಯಲ್ಲಿ ಮೊದಲು 2 ಮಿಲಿಮೀಟರಿನ ತೂತು ಕೊರೆದೆ. ಬಿರುಕು ನಿಲ್ಲಿಸಲು ತೂತು ಕೊರೆಯುವುದು ವಿಚಿತ್ರ ಅನ್ನಿಸಬಹುದು. ಆದರೆ ತುದಿ ಚೂಪಾದಷ್ಟೂ ಅಲ್ಲಿ ಎಳೆತ ಜಾಸ್ತಿ ಅಂತ 1913ರಲ್ಲೇ ಇಂಗ್ಲಿಸ್ ಎಂಬ ಬ್ರಿಟಿಷ್ ಎಂಜಿನಿಯರ್ ಲೆಕ್ಕ ಹಾಕಿ ತೋರಿಸಿದ್ದರು. ಚೂಪು ತುದಿ ದುಂಡಗಾದರೆ ಆ ಎಳೆತ ಹಂಚಿಹೋಗುತ್ತದೆ.

ಹಿಂಬದಿಯಲ್ಲಿ ಬಿರುಕಿನ ಉದ್ದಕ್ಕೂ ವಿ ಆಕಾರದ ಸಣ್ಣ ಕಾಲುವೆ ತೋಡಿ, ಲೇಪವನ್ನು ತೆಳುವಾಗಿ ಹಚ್ಚಿದೆ. ಒಂದೇ ಸಲ ದಪ್ಪಗೆ ಮೆತ್ತಿದರೆ ಮೇಲೆ ಕೆನೆಗಟ್ಟಿ ಒಳಗೆ ಅಸಿಟೋನ್ ಸಿಕ್ಕಿಕೊಳ್ಳುತ್ತದೆ, ಗುಳ್ಳೆ ಬರುತ್ತದೆ. ಕಿವಿಯ ಬುಡಕ್ಕೆ ಹಳೇ ಟೀ ಸೋಸುವ ಜಾಲರಿಯ ಸ್ಟೀಲ್ ಬಲೆ ಕತ್ತರಿಸಿ ಲೇಪದೊಳಗೆ ಹುದುಗಿಸಿದೆ. ನಾಲ್ಕು ಕೋಟ್ ಆಯಿತು, ನಡುವೆ ಒಂದೊಂದು ದಿನ ಬಿಡುವು. ಇದನ್ನೆಲ್ಲ ಗಾಳಿ ಆಡುವ ಕಡೆಯೇ ಮಾಡಿ. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಒಂದು ಕಿಡಿ ಸಾಕು. ಪೂಜೆಯ ದೀಪವೂ ಹತ್ತಿರ ಬೇಡ.

ಮುಂಭಾಗದಲ್ಲಿ ಬಿರುಕಿನ ಗೆರೆ ಇನ್ನೂ ಸಣ್ಣಗೆ ಕಾಣುತ್ತದೆ. ವಾಟರ್ ಪೇಪರಿನಿಂದ ಉಜ್ಜಿದ್ದರೆ ಅದು ಹೋಗುತ್ತಿತ್ತು, ಜೊತೆಗೆ ಫ್ಯಾಕ್ಟರಿಯಲ್ಲಿ ಅಚ್ಚಾದ ಚರ್ಮದಂಥ ಸುಕ್ಕೂ ಹೋಗುತ್ತಿತ್ತು. ಬಿಟ್ಟೆ. ಫ್ರೇಮ್ ಕೂರಿಸಿ, ಸ್ಕ್ರೂವನ್ನು ಎರಡೇ ಬೆರಳಲ್ಲಿ ಬಿಗಿಮಾಡಿದೆ. ಕಿವಿ ಅಲುಗಲಿಲ್ಲ. ಸಂಜೆ ಹೆಡ್‌ಲೈಟ್ ಹಾಕಿ ಅಪ್ಪನನ್ನು ಕರೆದೆ. ಮೀಟರಿನ ಹಸಿರು ಬೆಳಕನ್ನು ಅವರು ತುಂಬಾ ಹೊತ್ತು ನೋಡುತ್ತಾ ಕೂತರು.

ಜಾಮ್ ಬಾಟಲಿಯಲ್ಲಿ ಲೇಪ ಇನ್ನೂ ಅರ್ಧ ಇದೆ. ಬಾಗಿಲಿನ ಮೇಲಿನ ಪಟ್ಟಿಯೂ ಒಡೆದಿದೆ. ಅದರ ಒಂದು ಚೂರನ್ನು ಬಕೆಟ್‌ಗೆ ಹಾಕಿ ನೋಡಿದೆ. ತೇಲಿತು.